ಬಂದ್ ಮಾಡಿ ಚಾಲೂ ಮಾಡುವುದು ದುರಸ್ತಿಯಲ್ಲ

ನಮ್ಮ ಕಲಬುರಗಿ ಸೀಮೆಯಲ್ಲಿ ಯಾವ ಯಂತ್ರ ನಿಂತರೂ ಮೊದಲು ಕೇಳಿಬರುವ ಮಾತು ಒಂದೇ: ‘ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಆಗ್ತದ.’ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರವಾಗಲಿ, ಬಸ್ಸಿನ ಟಿಕೆಟ್ ಯಂತ್ರವಾಗಲಿ, ತೂಕದ ಕಾಟಾವಾಗಲಿ, ಮದ್ದು ಇದೊಂದೇ. ಬೆಂಗಳೂರಿನ ಸಹಾಯವಾಣಿಗೆ ಫೋನ್ ಮಾಡಿದರೂ ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಯಂತ್ರ ಚಾಲೂ ಆಗುತ್ತದೆ, ಸಾಲಿನಲ್ಲಿ ನಿಂತವರು ಉಸಿರು ಬಿಡುತ್ತಾರೆ, ಕೆಲಸ ಮುಂದುವರಿಯುತ್ತದೆ. ಯಾಕೆ ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದವನನ್ನು ‘ನಡೀತಾ ಅದಲ್ಲ, ಮತ್ತೇನು?’ ಎಂದು ಸುಮ್ಮನಾಗಿಸುತ್ತಾರೆ.

ನನ್ನ ತಕರಾರು ಈ ‘ಮತ್ತೇನು’ ಎಂಬ ಮಾತಿನ ಮೇಲೆ. ಬಂದ್ ಮಾಡಿ ಚಾಲೂ ಮಾಡುವುದು ದುರಸ್ತಿಯಲ್ಲ, ಮರೆಯುವುದು. ಯಂತ್ರ ತನ್ನೊಳಗೆ ಆದದ್ದನ್ನೆಲ್ಲ ಮರೆತು ಮತ್ತೆ ಎದ್ದು ಕೂರುತ್ತದೆ. ಅದು ಮರೆತದ್ದರಲ್ಲಿ ಯಾರ ಲೆಕ್ಕ ಇತ್ತು, ಆ ನಷ್ಟ ಯಾರ ತಲೆಗೆ ಬಂತು ಎಂಬುದು ತಂತ್ರಜ್ಞಾನದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆ. ಇದರ ಜೊತೆಗೆ ಇನ್ನೊಂದು ಮಾತಿದೆ. ಕಾರಣ ಹುಡುಕದೇ ಬಿಟ್ಟಾಗ ಆ ಖಾಲಿ ಜಾಗದಲ್ಲಿ ಯಾರನ್ನೋ ಅಪರಾಧಿಯನ್ನಾಗಿ ನಿಲ್ಲಿಸಬೇಕಾಗುತ್ತದೆ. ನಾನು ಕಂಡ ಪ್ರಕರಣದಲ್ಲಿ ಹಾಗೆ ನಿಲ್ಲಿಸಿದ್ದು ಕನ್ನಡವನ್ನು. ಸಾಹಿತ್ಯದ ಓದುಗರ ಮುಂದೆ ಈ ವಿಷಯ ತಂದಿರುವುದು ಅದಕ್ಕಾಗಿ.

ನನ್ನ ಕೆಲಸ ಸಣ್ಣ ಯಂತ್ರಗಳ ಒಳಗಿನ ತಂತ್ರಾಂಶದ ತಪ್ಪು ಹುಡುಕುವುದು. ಒಂದು ತೊಗರಿ ಸುಗ್ಗಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ಒಂದೇ ಬಗೆಯ ಕೈಯಂತ್ರ ಬಳಕೆಯಲ್ಲಿತ್ತು. ಮಾಡಿದ್ದು ಒಂದು ಖಾಸಗಿ ಕಂಪನಿ. ಇಂಥದು ಎಲ್ಲ ಕಡೆಯೂ ನಡೆಯುವುದರಿಂದ ಅದರ ಹೆಸರು ಇಲ್ಲಿ ಬೇಡ. ಕಾಟಾದ ಮೇಲೆ ಚೀಲ ಇಟ್ಟರೆ ಯಂತ್ರ ತೂಕ ಓದಿ, ತಾಲೂಕಿನ ಹೆಸರು, ಹೊತ್ತು, ತೂಕ ಎಲ್ಲವನ್ನೂ ಕನ್ನಡದಲ್ಲಿ ಮುದ್ರಿಸಿ ಚೀಟಿ ಕೊಡುತ್ತಿತ್ತು. ಪ್ರತಿ ಚೀಟಿಯ ಲೆಕ್ಕ ಅದರ ಮೆಮೊರಿಯಲ್ಲಿ ಕೂತಿದ್ದು, ಸಂಜೆ ಎಲ್ಲವೂ ಒಟ್ಟಿಗೆ ದೂರದ ಸರ್ವರಿಗೆ ಹೋಗುತ್ತಿತ್ತು.

ಆಳಂದದ ಯಂತ್ರ ದಿನವಿಡೀ ಓಡುತ್ತಿತ್ತು. ಅಫಜಲಪುರ ಮತ್ತು ಜೇವರ್ಗಿಯ ಯಂತ್ರಗಳು ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತಿದ್ದವು. ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಓಡುತ್ತಿದ್ದವು. ಆದರೆ ಬೆಳಗಿನಿಂದ ತೂಗಿದ ಲೆಕ್ಕ ಅದರೊಳಗೆ ಇರುತ್ತಿರಲಿಲ್ಲ, ಯಾಕೆಂದರೆ ಆ ಮೆಮೊರಿಗೆ ವಿದ್ಯುತ್ ಇರುವ ತನಕ ಮಾತ್ರ ನೆನಪು. ಚೀಟಿ ಜೋಪಾನ ಮಾಡಿಕೊಂಡವರ ಕೈಯಲ್ಲಿ ಚೀಟಿ ಇತ್ತು. ಬೆವರಿಗೆ ಒದ್ದೆಯಾಗಿ ಅಕ್ಷರ ಅಳಿಸಿಹೋದವರ ಕೈಯಲ್ಲಿ ಬರೀ ಕಾಗದ ಇತ್ತು. ‘ನಮ್ದು ತೂಕ ಎಲ್ಲಿ ಹೋತ್ರೀ?’ ಎಂದು ಕೇಳಿದವರಿಗೆ ಸಿಕ್ಕ ಉತ್ತರ ‘ಇನ್ನೊಮ್ಮೆ ತೂಗೋಣ ಬಿಡು ಕಾಕಾ’. ಅಷ್ಟರಲ್ಲಿ ಆ ಚೀಲ ಗೋದಾಮಿನ ಥಪ್ಪಿಯಲ್ಲಿ ನೂರಾರು ಚೀಲಗಳ ನಡುವೆ ಸೇರಿ ಹೋಗಿರುತ್ತಿತ್ತು. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ನೆಲದ ತೊಗರಿ ಇದು. ವರ್ಷವಿಡೀ ದುಡಿದು ತಂದ ಬೆಳೆಗೆ ಆರು ತಾಸು ನೆನಪಿಡುವ ಸಾಕ್ಷಿಯೂ ಇರಲಿಲ್ಲ.

ಕಾರಣ ಹೇಳುವವರಿಗೆ ಕೊರತೆ ಇರಲಿಲ್ಲ. ಒಬ್ಬರು ಬಿಸಿಲು ಎಂದರು. ಜನವರಿಯ ಬಿಸಿಲು ಆಳಂದಕ್ಕೂ ಜೇವರ್ಗಿಗೂ ಬೇರೆಯೇ? ಇನ್ನೊಬ್ಬರು ವೋಲ್ಟೇಜ್ ಎಂದರು. ಯಂತ್ರ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ಮತ್ತೊಬ್ಬರು ‘ಆ ಕಡೆಯವರಿಗೆ ಯಂತ್ರ ಹಿಡಿಯೋಕೆ ಬರಲ್ಲ’ ಎಂದರು. ಈ ಮೂರನೆಯ ಉತ್ತರ ನಮ್ಮ ಭಾಗಕ್ಕೆ ಹೊಸದಲ್ಲ. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದಾಯಿತು, ಈ ಉತ್ತರ ಮಾತ್ರ ಬದಲಾಗಲಿಲ್ಲ.

ಡಿಬಗ್ ಮಾಡುವುದು ಎಂದರೆ ಏನೋ ಮಾಂತ್ರಿಕ ವಿದ್ಯೆ ಎಂದು ತಿಳಿದವರಿದ್ದಾರೆ. ಅದು ಓದು, ಅಷ್ಟೇ. ಎರಡು ಹಸ್ತಪ್ರತಿ ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸುವ ಸಂಪಾದಕ ಮಾಡುವ ಕೆಲಸವೇ ಇದು. ಓಡುವ ಆಳಂದದ ಯಂತ್ರ ಒಂದು ಪ್ರತಿ, ನಿಲ್ಲುವ ಜೇವರ್ಗಿಯ ಯಂತ್ರ ಇನ್ನೊಂದು. ಎರಡರ ನಡುವೆ ವ್ಯತ್ಯಾಸ ಎಲ್ಲಿದೆ ಎಂದು ನೋಡಬೇಕು. ಅದಕ್ಕೆ ಮೊದಲು ಯಂತ್ರದೊಳಗಿನ ಜಾಗದ ಹಂಚಿಕೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು.

ಇಂಥ ಯಂತ್ರಗಳಲ್ಲಿ ದೊಡ್ಡ ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ ಹಿಡಿಸುವುದಿಲ್ಲ. ಬದಲಿಗೆ ಪುಟ್ಟ ಕರ್ನಲ್ ಒಂದಿರುತ್ತದೆ. ಅವುಗಳಲ್ಲಿ ಹೆಸರಾದದ್ದು ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಶುರು ಮಾಡಿದ ಫ್ರೀಆರ್‌ಟಿಒಎಸ್. ಅದರ ಸಾಲುಸಾಲನ್ನೂ ಯಾರು ಬೇಕಾದರೂ ಓದಬಹುದು. ತೂಕ ಓದುವ ಕೆಲಸ, ಮುದ್ರಿಸುವ ಕೆಲಸ, ಲೆಕ್ಕ ಕಳಿಸುವ ಕೆಲಸ, ಇವೆಲ್ಲ ಬೇರೆ ಬೇರೆ ಟಾಸ್ಕ್‌ಗಳು. ಎಲ್ಲಕ್ಕೂ ಮೆಮೊರಿ ಬೇಕಾದಾಗ ಕೊಡುವುದು ಹೀಪ್ ಎಂಬ ಒಂದೇ ಹೊಲದಿಂದ. ಲಿನಕ್ಸ್ ನಡೆಯುವ ಕಂಪ್ಯೂಟರಿನಲ್ಲಿ ಪ್ರತಿ ಪ್ರಕ್ರಿಯೆಗೂ ತನ್ನದೇ ಬೇಲಿ ಇರುತ್ತದೆ. ಒಂದು ಪ್ರಕ್ರಿಯೆ ಇನ್ನೊಂದರ ಜಾಗಕ್ಕೆ ಕೈ ಹಾಕಿದರೆ ಚಿಪ್ ಮತ್ತು ಕರ್ನಲ್ ಸೇರಿ ತಡೆಯುತ್ತವೆ. ಪುಟ್ಟ ಯಂತ್ರದಲ್ಲಿ ಸಾಮಾನ್ಯವಾಗಿ ಆ ಬೇಲಿ ಇರುವುದಿಲ್ಲ, ಬದುಗಳಷ್ಟೇ ಇರುತ್ತವೆ.

ಹೀಪ್ ಒಂದು ಉದ್ದನೆಯ ಎರೆಹೊಲ ಎಂದುಕೊಳ್ಳಿ. ಟಾಸ್ಕ್ ಕೇಳಿದಷ್ಟು ತುಂಡನ್ನು ಕರ್ನಲ್ ಅಳೆದು ಕೊಡುತ್ತದೆ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುತ್ತದೆ. ಪ್ರತಿ ತುಂಡಿನ ತಲೆಗೆ 8 ಬೈಟ್‌ನ ಒಂದು ಗಡಿಕಲ್ಲು. ಅದರ ಮೇಲೆ ಎರಡು ಅಂಕಿ: ಮೊದಲ 4 ಬೈಟ್‌ನಲ್ಲಿ ಮುಂದಿನ ಖಾಲಿ ತುಂಡು ಎಲ್ಲಿದೆ ಎಂಬ ವಿಳಾಸ, ಉಳಿದ 4 ಬೈಟ್‌ನಲ್ಲಿ ಈ ತುಂಡಿನ ಅಳತೆ. ತುಂಡು ಯಾರ ಬಳಕೆಯಲ್ಲೋ ಇದ್ದರೆ ಮೊದಲ ಅಂಕಿ ಸೊನ್ನೆಯೇ ಇರಬೇಕು. ತುಂಡು ಹಿಂದಿರುಗಿದಾಗ ಕರ್ನಲ್ ಆ ಕಲ್ಲನ್ನು ಓದುತ್ತದೆ. ಸೊನ್ನೆ ಇದ್ದರೆ ತುಂಡನ್ನು ಖಾಲಿ ಪಟ್ಟಿಗೆ ಸೇರಿಸುತ್ತದೆ. ಸೊನ್ನೆ ಇಲ್ಲದಿದ್ದರೆ? ‘ಇಲ್ಲಿ ಏನೋ ತಪ್ಪಾಗಿದೆ’ ಎಂದು ಕೂಗಿ ನಿಲ್ಲುವ ಒಂದು ಪರೀಕ್ಷೆಯ ಸಾಲು ಅಲ್ಲಿ ಇದೆ. ಆದರೆ ಯಂತ್ರ ಮಾರುವ ಮುನ್ನ ಆ ಸಾಲನ್ನು ಮುಚ್ಚಿಬಿಡುವ ಸೌಲಭ್ಯವೂ ಇದೆ. ಮುಚ್ಚಿದರೆ ಕರ್ನಲ್ ಕೂಗುವುದಿಲ್ಲ, ತುಂಡನ್ನು ಪಟ್ಟಿಗೂ ಸೇರಿಸುವುದಿಲ್ಲ. ಆ ನೆಲ ಉಳುವವನದೂ ಅಲ್ಲ, ಖಾಲಿಯೂ ಅಲ್ಲ, ಯಾರ ಲೆಕ್ಕಕ್ಕೂ ಸಿಗದೆ ಬೀಳುಬೀಳುತ್ತದೆ.

ಪ್ರತಿ ಚೀಟಿಯ ಅಡಿಯಲ್ಲಿ ಆ ಕ್ಷಣದಲ್ಲಿ ಉಳಿದ ಖಾಲಿ ಮೆಮೊರಿಯ ಅಂಕಿಯನ್ನೂ ಮುದ್ರಿಸುವಂತೆ ಮಾಡಿದೆ. ಹಾಗೆ ಕೇಳಿದರೆ ಉತ್ತರಿಸುವ ವ್ಯವಸ್ಥೆ ಕರ್ನಲ್‌ನಲ್ಲೇ ಇದೆ. ಆಳಂದದಲ್ಲಿ ಚೀಟಿಗೆ 24 ಬೈಟ್ ಕಡಿಮೆಯಾಗುತ್ತಿತ್ತು. ಅದು ಸರಿಯೇ: ಸಂಜೆಗೆ ಕಳಿಸಬೇಕಾದ ಲೆಕ್ಕ 16 ಬೈಟ್, ಅದರ ಗಡಿಕಲ್ಲು 8. ಜೇವರ್ಗಿಯಲ್ಲಿ ಚೀಟಿಗೆ 544 ಬೈಟ್ ಕಡಿಮೆಯಾಗುತ್ತಿತ್ತು. ಕಳೆದು ನೋಡಿ: 520. ಇದು 512 ಮತ್ತು 8ರ ಮೊತ್ತ. ಚೀಟಿಯ ಅಚ್ಚು ಸಿದ್ಧಪಡಿಸಲು ಮುದ್ರಣದ ಟಾಸ್ಕ್ ಪ್ರತಿ ಸಲ ಪಡೆಯುತ್ತಿದ್ದ ತುಂಡು ಸರಿಯಾಗಿ 512 ಬೈಟ್. ಅಂದರೆ ಅದು ಜಾಗ ಪಡೆಯುತ್ತಿದೆ, ಹಿಂತಿರುಗಿಸುತ್ತಲೂ ಇದೆ, ಆದರೆ ಕರ್ನಲ್ ಅದನ್ನು ಒಳಗೆ ಸೇರಿಸಿಕೊಳ್ಳುತ್ತಿಲ್ಲ. ಬೆಳಿಗ್ಗೆ ಖಾಲಿ ಇದ್ದದ್ದು ಸುಮಾರು 1 ಲಕ್ಷ ಬೈಟ್. ಭಾಗಿಸಿದರೆ 183. ನೂರ ಎಂಬತ್ತು ಚಿಲ್ಲರೆ ಚೀಟಿಯಾದ ಮೇಲೆ ಜಾಗ ಮುಗಿದು ಯಂತ್ರ ನಿಲ್ಲುತ್ತಿತ್ತು. ಅದೇ ಲೆಕ್ಕದಲ್ಲಿ ಆಳಂದದ ಯಂತ್ರ 4,000ಕ್ಕೂ ಹೆಚ್ಚು ಚೀಟಿ ಕೊಡಬಲ್ಲದು, ಒಂದು ದಿನದಲ್ಲಿ ಯಾರೂ ಅಷ್ಟು ತೂಗುವುದಿಲ್ಲ. ಬಿಸಿಲಲ್ಲ, ವೋಲ್ಟೇಜಲ್ಲ, ಯಂತ್ರ ಹಿಡಿದವರ ಕೈಯಲ್ಲ. ಗಡಿಕಲ್ಲು ಕೆಟ್ಟಿದೆ. ಕೆಡಿಸಿದವರು ಯಾರು?

512ರ ತುಂಡಿನ ಪಕ್ಕದಲ್ಲಿ, ಅದರ ಮುಂಚೆ, ಒಂದು ಚಿಕ್ಕ ತುಂಡಿತ್ತು: 16 ಬೈಟ್, ತಾಲೂಕಿನ ಹೆಸರಿಗಾಗಿ. ಈಗ ಬೆರಳು ಮಡಚಿ ಎಣಿಸಿ. ಕಂಪ್ಯೂಟರುಗಳು ಅಕ್ಷರಗಳನ್ನು ಇಡುವ ಸಾಮಾನ್ಯ ಪದ್ಧತಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ನಮ್ಮ ಕಲಬುರಗಿಯ ಬೀದಿಗಳಲ್ಲಿ ಕಾಣುವ ಉರ್ದುವಿನ ಅಕ್ಷರಕ್ಕೆ 2, ಕನ್ನಡಕ್ಕೂ ಮರಾಠಿಗೂ ತೆಲುಗಿಗೂ 3. ಸ್ವರಚಿಹ್ನೆ, ಅನುಸ್ವಾರ, ಒತ್ತು ಕೊಡಲು ಬೇಕಾದ ಹಲಂತ, ಇವುಗಳಲ್ಲಿ ಒಂದೊಂದಕ್ಕೂ ಮತ್ತೆ 3. ಆಳಂದ: ಆ, ಳ, ಅನುಸ್ವಾರ, ದ. ನಾಲ್ಕು, ಅಂದರೆ 12 ಬೈಟ್. ಜೇವರ್ಗಿ: ಜ, ಏತ್ವ, ವ, ರ, ಹಲಂತ, ಗ, ಗುಡಿಸು. ಏಳು, ಅಂದರೆ 21. ಅಫಜಲಪುರ: ಅ, ಫ, ಜ, ಲ, ಪ, ಕೊಂಬು, ರ. ಅದೂ ಏಳು, 21. ಹೆಸರು ಮುಗಿಯಿತು ಎಂದು ಹೇಳಲು ಕೊನೆಗೆ ಒಂದು ಸೊನ್ನೆಯ ಬೈಟ್. ಆಳಂದಕ್ಕೆ 13 ಬೈಟ್ ಸಾಕು, 16ರೊಳಗೆ ಆರಾಮಾಗಿ ಕೂರುತ್ತದೆ. ಉಳಿದೆರಡಕ್ಕೆ 22 ಬೇಕು. 6 ಬೈಟ್ ಬದು ದಾಟಿ ಪಕ್ಕದ ಹೊಲದ ಗಡಿಕಲ್ಲಿನ ಮೇಲೆ ಬೀಳುತ್ತವೆ. ಸೊನ್ನೆಯಾಗಿಯೇ ಇರಬೇಕಾಗಿದ್ದ 4 ಬೈಟ್ ಪೂರ್ತಿ ಅಳಿಸಿ ಅಲ್ಲಿ ಊರ ಹೆಸರಿನ ಬಾಲ ಕೂರುತ್ತದೆ.

ಇಂಗ್ಲಿಷಿನಲ್ಲಿ ಬರೆದರೆ ಆಳಂದಕ್ಕೆ 5 ಬೈಟ್, ಜೇವರ್ಗಿಗೆ 7, ಅಫಜಲಪುರಕ್ಕೆ 8. ಹದಿನಾರು ಧಾರಾಳ. ಕಂಪನಿಯವರು ಪರೀಕ್ಷೆ ಮಾಡಿದ್ದು ಇಂಗ್ಲಿಷ್ ಹೆಸರುಗಳಿಂದ. ಅವರ ಮೇಜಿನ ಮೇಲೆ ಯಂತ್ರ ಒಂದು ದಿನವೂ ನಿಂತಿರಲಿಲ್ಲ.

ಇಷ್ಟು ತಿಳಿದ ಮೇಲೆ ಬಂದ ಪರಿಹಾರಗಳನ್ನು ಕೇಳಿ. ನನಗೆ ಸಿಟ್ಟು ಬಂದದ್ದು ತಪ್ಪಿನ ಮೇಲಲ್ಲ, ಈ ಪರಿಹಾರಗಳ ಮೇಲೆ.

ಮೊದಲನೆಯದು: ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರವನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ಎಂದು ಸುತ್ತೋಲೆ ಕಳಿಸುವುದು. ಕಾರಣ ಗೊತ್ತಾದ ಮೇಲೂ ಹೀಗೆ! ಬೆಳಗಿನ ಲೆಕ್ಕ ಹೋಗುತ್ತದಲ್ಲ ಎಂದರೆ ‘ಅದಕ್ಕೂ ಮುಂಚೆ ಕೈಯಿಂದ ಬರೆದಿಟ್ಟುಕೊಳ್ಳಲಿ’ ಎಂದರು. ಕೈಯಿಂದ ಬರೆಯುವುದಾದರೆ ಯಂತ್ರ ಯಾಕೆ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

ಎರಡನೆಯದು: ಹೆಸರನ್ನು ಹದಿನೈದು ಬೈಟ್‌ಗೆ ಕತ್ತರಿಸುವುದು. ಆಗ ಅಫಜಲಪುರ ‘ಅಫಜಲಪ’ ಆಗುತ್ತದೆ, ಜೇವರ್ಗಿ ‘ಜೇವರ್’ ಆಗುತ್ತದೆ. ಯಂತ್ರ ನಿಲ್ಲುವುದಿಲ್ಲ ನಿಜ. ಊರಿನ ಹೆಸರೇ ಅರ್ಧವಾದ ಚೀಟಿ ಹಿಡಿದು ರೈತ ಯಾವ ಕಚೇರಿಯ ಮುಂದೆ ನಿಲ್ಲಬೇಕು? ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ತಿಂಗಳುಗಟ್ಟಲೆ ಅಲೆಯುವ ನಾಡು ನಮ್ಮದು.

ಮೂರನೆಯದು, ಎಲ್ಲರಿಗೂ ಒಪ್ಪಿಗೆಯಾದದ್ದು: ಇಂಗ್ಲಿಷಿನಲ್ಲಿ ಮುದ್ರಿಸಿ. ಸಮಸ್ಯೆ ತಕ್ಷಣ ಮಾಯ. ಎಷ್ಟು ಸರಳ! ತೂಗುವ ಹಮಾಲರು, ಚೀಟಿ ಒಯ್ಯುವ ರೈತರು, ಅದನ್ನು ಓದಿ ಹೇಳಬೇಕಾದ ಅವರ ಮಕ್ಕಳು ಹೊಂದಿಕೊಳ್ಳಲಿ, ಆದರೆ ಹದಿನಾರು ಎಂಬ ಆ ಅಂಕಿ ಮಾತ್ರ ಅಲುಗಬಾರದು. ಚಪ್ಪಲಿ ಕಚ್ಚಿದರೆ ಕಾಲು ಕೊಯ್ದುಕೊಳ್ಳಬೇಕು ಎಂಬ ನ್ಯಾಯ ಇದು.

ನಿಜವಾದ ದುರಸ್ತಿಗೆ ಬೇಕಾದದ್ದು ಕೆಲವೇ ಸಾಲು. ಹೆಸರಿನ ಉದ್ದವನ್ನು ಮೊದಲು ಬೈಟ್‌ನಲ್ಲಿ ಅಳೆದು, ಅಷ್ಟು ಜಾಗ ಕೇಳಬೇಕು. ಕರ್ನಲ್ ಜಾಗವಿಲ್ಲ ಎಂದರೆ ಆ ಉತ್ತರವನ್ನು ಗಮನಿಸಿ ಕೆಲಸವನ್ನು ಮರ್ಯಾದೆಯಿಂದ ನಿಲ್ಲಿಸಬೇಕು. ಗಡಿಕಲ್ಲು ಕೆಟ್ಟರೆ ಕೂಗುವ ಪರೀಕ್ಷೆಯ ಸಾಲನ್ನು ತೆರೆದೇ ಇಡಬೇಕು. ತೂಕದ ಲೆಕ್ಕವನ್ನು ಸಂಜೆಗೆ ಕಾಯದೆ, ಆಗಿಂದಾಗಲೇ ವಿದ್ಯುತ್ ಹೋದರೂ ಉಳಿಯುವ ಫ್ಲಾಶ್ ಮೆಮೊರಿಗೆ ಬರೆಯಬೇಕು. ಹದಿನಾರನ್ನು ಮೂವತ್ತೆರಡು ಮಾಡಿದರೆ ಸಾಕಲ್ಲ ಎಂದೂ ಒಬ್ಬರು ಹೇಳಿದರು. ಸಾಲದು. ಅಫಜಲಪುರ ತಾಲೂಕಿನದೇ ಆದ ದೇವಲ ಗಾಣಗಾಪುರಕ್ಕೆ ನಡುವಿನ ಖಾಲಿ ಜಾಗವೂ ಸೇರಿ 37 ಬೈಟ್ ಬೇಕು. ಅಳೆಯದೆ ಕೊಟ್ಟ ಯಾವ ಜಾಗವೂ ಎಂದೋ ಒಂದು ದಿನ ಸಾಲದೇ ಹೋಗುತ್ತದೆ.

ಕೊನೆಗೆ ತಿದ್ದಿದರು. ಆದರೆ ತಿದ್ದಿದ ಮೇಲೆ ಬರೆದ ವರದಿಯಲ್ಲಿ ‘ಕಾರಣ’ ಎಂಬ ಕಲಮಿನ ಮುಂದೆ ಇದ್ದ ಮಾತು: ಕನ್ನಡ ಅಕ್ಷರಗಳ ಸಮಸ್ಯೆ. ನಾನು ಆಕ್ಷೇಪಿಸಿದೆ, ವರದಿ ಬದಲಾಗಲಿಲ್ಲ. ಮುಂದೆ ಇನ್ನೊಂದು ಯಂತ್ರಕ್ಕೆ ಕನ್ನಡ ಹಾಕೋಣವೇ ಎಂಬ ಚರ್ಚೆ ಬಂದಾಗ ಯಾರೋ ಈ ವರದಿ ತೆಗೆದು ‘ಕನ್ನಡ ಹಾಕಿದರೆ ಯಂತ್ರ ನಿಲ್ಲುತ್ತದೆ’ ಎನ್ನುತ್ತಾರೆ. ಸುಳ್ಳು ಹೀಗೆ ಅನುಭವದ ವೇಷ ತೊಟ್ಟು ಕಡತ ಸೇರುತ್ತದೆ. ಕನ್ನಡ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇದೆ. ಅಂದಿನಿಂದ ಅದರ ಅಳತೆ ಎಲ್ಲರಿಗೂ ತೆರೆದಿದೆ. ಗೊತ್ತಿರುವ ಅಳತೆಯನ್ನು ನೋಡದೆ ಬಟ್ಟೆ ಹೊಲಿದ ದರ್ಜಿ ಮೈಯನ್ನು ಬೈಯಬಾರದು.

ಇಲ್ಲಿ ಎದುರು ವಾದವನ್ನೂ ಕೇಳೋಣ. ಕೆಲಸದ ಹೊತ್ತಿನಲ್ಲಿ ಕಾರಣ ಹುಡುಕುತ್ತ ಕೂರಲಾಗುತ್ತದೆಯೇ ಎನ್ನುತ್ತಾರೆ. ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕದ ಯಂತ್ರ ನಿಂತರೆ ಮೊದಲು ಅದನ್ನು ಎಬ್ಬಿಸಬೇಕು. ಸಣ್ಣ ಯಂತ್ರಗಳಲ್ಲಿ ವಾಚ್‌ಡಾಗ್ ಎಂಬ ಕಾವಲು ಗಡಿಯಾರ ಇರುವುದೇ ಅದಕ್ಕೆ: ತಂತ್ರಾಂಶ ಹೇಳಿದ ಹೊತ್ತಿಗೆ ಉಸಿರಾಡದಿದ್ದರೆ ಅದು ಯಂತ್ರವನ್ನು ತಾನೇ ಮರುಚಾಲನೆ ಮಾಡುತ್ತದೆ. ಬೆಟ್ಟದ ತುದಿಯ ಮಳೆಮಾಪಕಕ್ಕೋ ಬಾಹ್ಯಾಕಾಶದ ನೌಕೆಗೋ ಅದಿಲ್ಲದೆ ಆಗದು. ನನ್ನ ವಿರೋಧ ಮರುಚಾಲನೆಗಲ್ಲ. ಕಾರಣದ ಗುರುತನ್ನು ಬರೆದಿಡದೆ ಮರುಚಾಲನೆ ಮಾಡುವುದಕ್ಕೆ, ಮತ್ತು ಮಾಡಿ ಅದನ್ನೇ ದುರಸ್ತಿ ಎಂದು ಕರೆಯುವುದಕ್ಕೆ.

2004ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ನಾಸಾದ ಸ್ಪಿರಿಟ್ ರೋವರ್ ಮಾತು ನಿಲ್ಲಿಸಿತು. ಅದರ ಫ್ಲಾಶ್‌ನಲ್ಲಿ ಕಡತಗಳು ಹೆಚ್ಚಾಗಿ, ಅವುಗಳ ಪಟ್ಟಿಯನ್ನು ಇಡಲು ಮೆಮೊರಿ ಸಾಲದೆ ಹೋಗಿತ್ತು. ಜಾಗ ಸಿಗದೆ ಯಂತ್ರ ಮರುಚಾಲನೆಯಾಗುತ್ತಿತ್ತು, ಎದ್ದ ಕೂಡಲೇ ಅದೇ ಪಟ್ಟಿ ತೆರೆಯಲು ಹೋಗಿ ಮತ್ತೆ ಬೀಳುತ್ತಿತ್ತು. ಹೀಗೆ 60ಕ್ಕೂ ಹೆಚ್ಚು ಸಲ. ಬಂದ್ ಮಾಡಿ ಚಾಲೂ ಮಾಡುವುದರಿಂದ ಆಗುವುದಿದ್ದರೆ ಅಷ್ಟು ಸಲದಲ್ಲಿ ಆಗಬೇಕಿತ್ತು. ಎಂಜಿನಿಯರುಗಳು ಕಾರಣ ಊಹಿಸಿ, ಫ್ಲಾಶ್ ಮುಟ್ಟದೆ ಏಳುವಂತೆ ಭೂಮಿಯಿಂದ ಆಜ್ಞೆ ಕಳಿಸಿದರು. ಅದು ಎದ್ದಿತು. ಆಮೇಲೆ ಹಳೆಯ ಕಡತ ಅಳಿಸಿ, ಕಾರಣ ಖಚಿತ ಮಾಡಿಕೊಂಡು ಮುಂದೆ ನಡೆಸಿದರು. ಆ ರೋವರ್ 2010ರವರೆಗೆ ಕೆಲಸ ಮಾಡಿತು.

ಇನ್ನೊಂದು ಉದಾಹರಣೆ ಕಹಿ. ಅದು ಮೆಮೊರಿಯದಲ್ಲ, ಕಾಲದ ಲೆಕ್ಕದ್ದು, ಆದರೆ ರೋಗ ಒಂದೇ. 1991ರ ಕೊಲ್ಲಿ ಯುದ್ಧದಲ್ಲಿ ಕ್ಷಿಪಣಿ ತಡೆಯುವ ಪೇಟ್ರಿಯಟ್ ವ್ಯವಸ್ಥೆ ಹೆಚ್ಚು ಹೊತ್ತು ಓಡಿದಷ್ಟೂ ಅದರ ಗಡಿಯಾರದ ಲೆಕ್ಕದಲ್ಲಿ ತಪ್ಪು ಬೆಳೆಯುತ್ತಿತ್ತು. ಮರುಚಾಲನೆ ಮಾಡಿದರೆ ತಪ್ಪು ಸೊನ್ನೆಗೆ ಬರುತ್ತಿತ್ತು. ತುಂಬ ಹೊತ್ತು ಓಡಿಸಬೇಡಿ ಎಂದು ಸಂದೇಶ ಹೋಯಿತು. ತುಂಬ ಎಂದರೆ ಎಷ್ಟು ಎಂದು ಬರೆದಿರಲಿಲ್ಲ. ಫೆಬ್ರವರಿ 25ರಂದು ಧಹರಾನ್‌ನಲ್ಲಿ ಸುಮಾರು 100 ತಾಸು ಸತತ ಓಡಿದ್ದ ವ್ಯವಸ್ಥೆ ಬರುತ್ತಿದ್ದ ಕ್ಷಿಪಣಿಯನ್ನು ಗುರುತಿಸಲಿಲ್ಲ. 28 ಸೈನಿಕರು ಸತ್ತರು. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ. ‘ಬಂದ್ ಮಾಡಿ ಚಾಲೂ ಮಾಡ್ರಿ’ ಎಂಬ ಸಲಹೆಯ ಇತಿಹಾಸದಲ್ಲಿ ಇದೂ ಒಂದು ಪುಟ.

ಈಗ ನನ್ನ ಮಾತು ಕನ್ನಡದ ಓದುಗರಿಗೆ, ಬರಹಗಾರರಿಗೆ. ಅಂಗಡಿಯ ಫಲಕದಲ್ಲಿ ಕನ್ನಡ ಇಲ್ಲದಿದ್ದರೆ ನಾವು ಬೀದಿಗೆ ಇಳಿಯುತ್ತೇವೆ. ಇಳಿಯಬೇಕಾದದ್ದೇ. ಆದರೆ ಫಲಕ ಕಣ್ಣಿಗೆ ಕಾಣುತ್ತದೆ, ಹದಿನಾರು ಬೈಟ್ ಕಾಣುವುದಿಲ್ಲ. ಪರದೆಯ ಮೇಲೆ ಕನ್ನಡ ಮೂಡಿದ ದಿನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ, ಒಳಗೆ ಅದಕ್ಕೆ ಕೂರಲು ಎಷ್ಟು ಜಾಗ ಕೊಟ್ಟಿದ್ದಾರೆ ಎಂದು ನೋಡುವುದಿಲ್ಲ. ಜಾಗ ಸಾಲದೆ ಯಂತ್ರ ನಿಂತಾಗ ಮೊದಲು ಹೊರಗೆ ಹೋಗುವುದು ಕನ್ನಡ. ಕಡತದಲ್ಲಿ ಅದನ್ನು ತಾಂತ್ರಿಕ ಕಾರಣ ಎಂದು ಬರೆಯುತ್ತಾರೆ, ನಾವು ಸುಮ್ಮನಾಗುತ್ತೇವೆ. ತಾಂತ್ರಿಕ ಎಂಬ ಪದ ಕೇಳಿದೊಡನೆ ಪ್ರಶ್ನೆ ನಿಲ್ಲಿಸುವ ಈ ವಿನಯ ನಮಗೆ ಯಾವಾಗ ಅಂಟಿತು?

ಇದು ನಮ್ಮ ವಿಷಯವಲ್ಲ, ನಮಗೆ ಗಣಿತ ಬರುವುದಿಲ್ಲ ಎನ್ನುವ ಸಾಹಿತ್ಯದ ವಿದ್ಯಾರ್ಥಿಗಳನ್ನು ನಾನು ನಂಬುವುದಿಲ್ಲ. ಷಟ್ಪದಿಯ ಮಾತ್ರೆ ಎಣಿಸುವವರಿಗೆ ಬೈಟ್ ಎಣಿಸುವುದು ಕಷ್ಟವೇ? ಗುರುವಿಗೆ ಎರಡು, ಲಘುವಿಗೆ ಒಂದು ಎಂದು ಪ್ರಸ್ತಾರ ಹಾಕುವುದೂ ಸ್ವರಚಿಹ್ನೆಗೆ 3, ಹಲಂತಕ್ಕೆ 3 ಎಂದು ಲೆಕ್ಕ ಹಾಕುವುದೂ ಒಂದೇ ಜಾತಿಯ ಕೆಲಸ. ನಿಜ ಹೇಳಬೇಕೆಂದರೆ ಒತ್ತಕ್ಷರವನ್ನು ಬಿಡಿಸಿ ನೋಡುವ ಅಭ್ಯಾಸ ಇರುವ ಕನ್ನಡ ವಿದ್ಯಾರ್ಥಿಗೆ ಜೇವರ್ಗಿಯಲ್ಲಿ ಏಳು ಘಟಕ ಇವೆ ಎಂಬುದು, ಇಂಗ್ಲಿಷಿನಲ್ಲೇ ಕಲಿತ ಎಂಜಿನಿಯರಿಗಿಂತ ಬೇಗ ಹೊಳೆಯುತ್ತದೆ.

ಹಾಗೆ ನೋಡಿದರೆ ದೋಷ ಹುಡುಕುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು, ರಾಷ್ಟ್ರಕೂಟ ನೃಪತುಂಗನ ಆಸ್ಥಾನದ್ದು. ಆ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಸೇಡಂ ತಾಲೂಕು, ಇದೇ ಕಲಬುರಗಿ ಜಿಲ್ಲೆ. ಆ ಗ್ರಂಥದ ಮೊದಲ ಪರಿಚ್ಛೇದದ ಹೆಸರು ದೋಷಾದೋಷಾನುವರ್ಣನ ನಿರ್ಣಯ. ಕನ್ನಡದ ಲಭ್ಯ ಗ್ರಂಥಪರಂಪರೆ ಶುರುವಾಗುವುದೇ ಯಾವುದು ತಪ್ಪು, ಯಾವುದು ತಪ್ಪಲ್ಲ, ಯಾಕೆ ಎಂಬ ವಿಚಾರಣೆಯಿಂದ. ಪದ್ಯ ಕೆಟ್ಟರೆ ಹರಿದು ಇನ್ನೊಂದು ಬರಿ ಎಂದು ಅದು ಹೇಳುವುದಿಲ್ಲ, ದೋಷವನ್ನು ಹೆಸರಿಟ್ಟು ಗುರುತಿಸುತ್ತದೆ. ಆ ನೆಲದಲ್ಲಿ ನಿಂತು ‘ಬಂದ್ ಮಾಡಿ ಚಾಲೂ ಮಾಡ್ರಿ’ ಎನ್ನುವುದು ನಮಗೆ ಒಪ್ಪುವ ಮಾತಲ್ಲ.

ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳಿಗೂ ಒಂದು ಮಾತು. ಪರೀಕ್ಷೆಯಲ್ಲಿ ಮೆಮೊರಿ ಹಂಚಿಕೆಯ ಬಗೆಗಳನ್ನು ಪಟ್ಟಿ ಮಾಡಿ ಹತ್ತು ಅಂಕ ಪಡೆಯುತ್ತೀರಿ. ಕೆಟ್ಟ ಗಡಿಕಲ್ಲೊಂದನ್ನು ಕಣ್ಣಾರೆ ನೋಡದೆ ಪದವಿ ಮುಗಿಯುತ್ತದೆ. ನೀವು ಬರೆಯುವ ಪ್ರತಿ ಅಭ್ಯಾಸ ಕ್ರಮವಿಧಿಗೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟು ನೋಡಿ. ಚಿತ್ತಾಪುರದವರಾದರೆ 27 ಬೈಟ್ ಬೇಕು. ಸೇಡಂನವರು 12ರಲ್ಲಿ ಪಾರಾಗುತ್ತೀರಿ, ಹಾಗಾಗಿ ಪಕ್ಕದ ಊರಿನ ಹೆಸರನ್ನೂ ಕೊಡಿ. ಎಲ್ಲಿ ಮುರಿಯುತ್ತದೆ ನೋಡಿ, ಯಾಕೆ ಮುರಿಯಿತು ಎಂದು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅಂಥ ನೂರು ಪುಟಗಳು ಸೇರಿದರೆ ಈ ಭಾಷೆಯಲ್ಲಿ ಇಂದು ಇಲ್ಲದ ಒಂದು ಪುಸ್ತಕ ಆಗುತ್ತದೆ.

ಸರ್ಕಾರದ ದುಡ್ಡಿನಿಂದಲೋ ರೈತರ ದುಡ್ಡಿನಿಂದಲೋ ಕೊಳ್ಳುವ ಯಂತ್ರಗಳಿಗೆ ನಾವು ಕೇಳಬೇಕಾದದ್ದು ಹೆಚ್ಚೇನಲ್ಲ. ಆ ಜಿಲ್ಲೆಯ ಅತಿ ಉದ್ದದ ಊರ ಹೆಸರುಗಳಿಂದ, ಕನ್ನಡದಲ್ಲೇ, ಇಡೀ ದಿನ ಓಡಿಸಿ ಪರೀಕ್ಷಿಸಿದ ಮೇಲೆಯೇ ಯಂತ್ರ ಕೊಳ್ಳಬೇಕು. ಯಂತ್ರ ನಿಂತರೆ ಏಳುವ ಮುನ್ನ ಕಾರಣದ ಗುರುತನ್ನು ಅಳಿಯದ ಜಾಗದಲ್ಲಿ ಬರೆದಿಡಬೇಕು. ಜನರ ಲೆಕ್ಕ ಒಂದು ಕ್ಷಣವೂ ಮರೆಯುವ ಮೆಮೊರಿಯಲ್ಲಿ ಮಾತ್ರ ಇರಕೂಡದು. ದುರಸ್ತಿಯ ವರದಿಯಲ್ಲಿ ಯಾವ ಸಾಲು ತಪ್ಪಿತ್ತು, ಏನು ತಿದ್ದಿದರು ಎಂದು ಇರಬೇಕು, ‘ಕನ್ನಡದ ಸಮಸ್ಯೆ’ ಎಂಬ ಹಾರಿಕೆಯ ಮಾತು ನಡೆಯಬಾರದು.

ಇವು ಟೆಂಡರಿನ ಷರತ್ತಾಗುವ ತನಕ ನಮ್ಮ ಕೈಯಲ್ಲಿ ಒಂದು ಪ್ರಶ್ನೆ ಇದೆ. ಅದಕ್ಕೆ ಖರ್ಚಿಲ್ಲ, ಎಂಜಿನಿಯರಿಂಗ್ ಪದವಿಯೂ ಬೇಕಿಲ್ಲ. ಸಾಲಿನಲ್ಲಿ ನಿಂತಾಗ ಯಂತ್ರ ನಿಂತು, ಯಾರೋ ಬಂದ್ ಮಾಡಿ ಚಾಲೂ ಮಾಡಿ, ‘ಆತು ನೋಡ್ರಿ’ ಎಂದಾಗ ಅಲ್ಲಿಂದ ಹೊರಡಬೇಡಿ. ‘ಯಾಕ್ ನಿಂತಿತ್ತು? ಬರ್ದು ಕೊಡ್ರಿ’ ಎಂದು ಕೇಳಿ.